ನೋಡುವವನ ಋಣ

ಸುಂದರವಾದುದನ್ನು ಕಂಡು ಸಂತೋಷಪಡುವುದು ಮನುಷ್ಯನಿಗೆ ಸಹಜವಾದುದು. ಮೂಡಣದ ಕೆಂಪನ್ನೂ ಮಳೆಗಾಲದ ಹಸುರನ್ನೂ ಕಂಡು ಅರಳದ ಮನಸ್ಸು ಧರ್ಮಕ್ಕೂ ಅರಳಲಾರದು. ಆದರೆ ವಾಚಕ ಮಹಾಶಯರೇ, ನಮ್ಮ ಕಣ್ಣಿಗೆ ಹಬ್ಬವನ್ನುಂಟುಮಾಡಿದ ನೋಟವು ಮತ್ತೊಬ್ಬರ ಮನೆ ಮುಳುಗಿದುದರಿಂದ ಹುಟ್ಟಿದುದಾದರೆ, ಆ ಸಂತೋಷವನ್ನು ನಿರ್ದೋಷವೆನ್ನಬಹುದೇ? ಈ ಪ್ರಶ್ನೆಯನ್ನು ನಾವು ಗ್ರಂಥಗಳಿಂದ ತೆಗೆದುಕೊಂಡಿಲ್ಲ. ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದ ತರುಣನೊಬ್ಬನು ಅದನ್ನು ನಮ್ಮ ಮುಂದಿಟ್ಟನು. ಅಂದು ಉತ್ತರಿಸಲು ನಮಗೆ ಸಾಧ್ಯವಾಗಲಿಲ್ಲ. ಈ ಲೇಖನವು ಅವನಿಗೆ ಸಲ್ಲಬೇಕಾಗಿದ್ದ ಉತ್ತರವಾಗಿದೆ.

ಆ ತರುಣನು ಇಂಜಿನಿಯರಿಂಗ್ ಮುಗಿಸಿ ಜರ್ಮನಿಯಲ್ಲಿ ನೌಕರಿಯಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಮಠಕ್ಕೆ ಬಂದು ಹೋಗುವುದು ಅವನ ರೂಢಿ. ಒಮ್ಮೆ ಹಾಗೆ ಬಂದು ಕುಳಿತಿದ್ದಾಗ, 2023ರ ವಸಂತದಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾ ನಗರಕ್ಕೆ ತಾನೊಬ್ಬನೇ ಮೂರು ದಿನಗಳ ಪ್ರವಾಸ ಹೋಗಿಬಂದುದನ್ನು ವಿವರಿಸಿದನು. 1882ರಲ್ಲಿ ಅಡಿಗಲ್ಲು ಬಿದ್ದು, ಶಿಲ್ಪಿ ಗೌಡಿಯು 1926ರಲ್ಲಿ ತೀರಿಕೊಂಡ ಮೇಲೆಯೂ ಕಟ್ಟಡ ಮುಂದುವರಿದ ಸಗ್ರಾದಾ ಫಮೀಲಿಯಾ ಎಂಬ ಮಹಾದೇವಾಲಯವನ್ನು ಮೊದಲ ದಿನ ನೋಡಿದನು. ಎರಡನೆಯ ದಿನ ಬೀದಿಗಳನ್ನೂ ಕಡಲ ದಂಡೆಯನ್ನೂ ಸುತ್ತಿದನು. ಮೂರನೆಯ ದಿನ, ತಂಗಿದ್ದಲ್ಲಿ ಯಾರೋ ಹೇಳಿದರೆಂದು, ನಗರದಿಂದ ಸುಮಾರು ನೂರು ಕಿಲೋಮೀಟರ್ ದೂರದ ಸಾವು ಎಂಬ ಜಲಾಶಯಕ್ಕೆ ಹೋದನು. (ಆ ಹೆಸರಿಗೂ ನಮ್ಮ ಕನ್ನಡದ ಮಾತಿಗೂ ಸಂಬಂಧವಿಲ್ಲ, ಆದರೂ ಕೇಳಿದೊಡನೆ ನಮ್ಮ ಎದೆ ಒಮ್ಮೆ ಝಲ್ಲೆಂದಿತು.)

ತೇರ್ ಎಂಬ ನದಿಗೆ 1960ರ ದಶಕದ ಆರಂಭದಲ್ಲಿ ಅಲ್ಲಿ ಅಣೆಕಟ್ಟೆ ಕಟ್ಟಿದಾಗ ಒಂದು ಹಳ್ಳಿಯೂ, ಹನ್ನೊಂದನೆಯ ಶತಮಾನದ ಅದರ ಚರ್ಚೂ ನೀರಿನಡಿಯಾದವು. ನೀರು ಇಳಿದ ವರ್ಷಗಳಲ್ಲಿ ಗಂಟೆಗೋಪುರದ ತುದಿಯಷ್ಟೇ ಕಾಣಿಸಿಕೊಳ್ಳುತ್ತಿತ್ತು. 2022, 2023ರ ಘೋರ ಬರಗಾಲದಲ್ಲಿ ಕೆರೆಯೇ ಬತ್ತಿ, ಚರ್ಚು ಬುಡದವರೆಗೂ ಹೊರಬಂದು, ಒಡೆದ ಕೆಸರಿನ ನಡುವೆ ನಿಂತುಕೊಂಡಿತು. ಅದನ್ನು ನೋಡಲು ಜನ ಸಾಲುಗಟ್ಟಿದರು. ಬಾರ್ಸಿಲೋನಾದ ಮನೆಗಳಿಗೆ ಹೋಗುವ ಕುಡಿಯುವ ನೀರಿನಲ್ಲಿ ಒಂದು ಪಾಲು ಆ ತೇರ್ ನದಿಯ ಜಲಾಶಯಗಳದೇ.

ತರುಣನು ಹೇಳಿದನು: "ಬುದ್ಧೀ, ಆ ಸಂಜೆ ಬಿಸಿಲಿನಲ್ಲಿ ಆ ಗೋಪುರ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ಹೇಳಲಾರೆ. ನೂರಾರು ಫೋಟೋ ತೆಗೆದೆ. ರಾತ್ರಿ ಕೊಠಡಿಗೆ ಬಂದು ನಲ್ಲಿ ತಿರುಗಿಸಿ ನೀರು ಕುಡಿಯುವಾಗ ಥಟ್ಟನೆ ಹೊಳೆಯಿತು, ಇದು ಆ ನೀರೇ ಅಲ್ಲವೇ ಎಂದು. ನಾನು ಸಂತೋಷಪಟ್ಟದ್ದು ತಪ್ಪೇ ಬುದ್ಧೀ? ಅಲ್ಲದೆ, ನಮ್ಮ ಹಾಸನದ ಪಕ್ಕದಲ್ಲೇ ಶೆಟ್ಟಿಹಳ್ಳಿಯಿದೆ. ಅದನ್ನು ನಾನು ಇನ್ನೂ ನೋಡಿಯೇ ಇಲ್ಲ."

ನಾವೂ ನೋಡಿರಲಿಲ್ಲ. ನೋಡದೆ ಉತ್ತರಿಸುವುದು ಸರಿಯಲ್ಲವೆಂದು ತೋರಿತು.

ಶೆಟ್ಟಿಹಳ್ಳಿಯು ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಯ ರೋಸರಿ ಚರ್ಚನ್ನು ಫ್ರೆಂಚ್ ಪಾದ್ರಿಗಳು 1860ರ ಸುಮಾರಿನಲ್ಲಿ ಯೂರೋಪಿನ ಗಾಥಿಕ್ ಶೈಲಿಯಲ್ಲಿ ಕಟ್ಟಿದರು. ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಹೇಮಾವತಿಗೆ ಗೊರೂರಿನ ಬಳಿ ಕಟ್ಟಿದ ಅಣೆಕಟ್ಟೆ 1979ರಲ್ಲಿ ಪೂರ್ಣವಾಯಿತು. ಮೂವತ್ತೇಳು ಟಿ.ಎಂ.ಸಿ. ಅಡಿ ನೀರು ಹಿಡಿಯುವ ಆ ಜಲಾಶಯದ ಹಿನ್ನೀರಿನಲ್ಲಿ ಅನೇಕ ಹಳ್ಳಿಗಳ ಹೊಲ, ಮನೆ, ಗುಡಿ, ಸ್ಮಶಾನಗಳು ಮುಳುಗಿದವು. ಶೆಟ್ಟಿಹಳ್ಳಿಯ ಜನ ಊರು ಬಿಟ್ಟರು. ಚರ್ಚು ಮಾತ್ರ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಹಿನ್ನೀರು ಅದರ ಗೋಡೆಗಳನ್ನೇರುತ್ತದೆ, ಬೇಸಿಗೆಯಲ್ಲಿ ಇಳಿದುಹೋಗುತ್ತದೆ. ಜನ ಅದನ್ನು ಮುಳುಗುವ ಚರ್ಚು ಎಂದು ಕರೆಯುತ್ತಾರೆ.

ಫಾಲ್ಗುಣ ಮಾಸದ ಒಂದು ಬೆಳಗ್ಗೆ ನಾವು ಅಲ್ಲಿಗೆ ಹೋದೆವು. ವಾಹನವನ್ನೂ ಜೊತೆಗಿದ್ದವರನ್ನೂ ದಿಣ್ಣೆಯ ಮೇಲೆ ನಿಲ್ಲಿಸಿ, ಒಬ್ಬರೇ ಇಳಿದು ನಡೆದೆವು. ನೀರು ದೂರ ಸರಿದಿತ್ತು. ಅದು ಬಿಟ್ಟುಹೋದ ನೆಲದಲ್ಲಿ ಎಳೆಯ ಹುಲ್ಲು ಹಬ್ಬಿತ್ತು. ಮಾಡಿಲ್ಲದ ಆ ಮಂದಿರದ ಒಳಗೆ ನಿಂತಾಗ ಕಮಾನುಗಳ ಮೇಲೆ ಆಕಾಶವೇ ಚಾವಣಿಯಾಗಿತ್ತು. ಕಿಟಕಿಯಿದ್ದ ಜಾಗಗಳಲ್ಲಿ ಹಕ್ಕಿಗಳು ಒಳಬಂದು ಹೊರಹೋಗುತ್ತಿದ್ದವು. ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ನಮಗೂ ಸಂತೋಷವೇ ಆಯಿತು. ಪೂರ್ಣವಾಗಿದ್ದ ಕಟ್ಟಡ ಇಷ್ಟು ಸುಂದರವಾಗಿತ್ತೋ ಇಲ್ಲವೋ ಎಂಬ ಆಲೋಚನೆಯೂ ಬಂದಿತು. ಆ ಆಲೋಚನೆ ಎಂತಹುದೆಂಬುದು ಅನಂತರ ತಿಳಿಯಿತು.

ಗೋಡೆಗಳ ಮೇಲೆ ಬಂದುಹೋದವರು ತಮ್ಮ ತಮ್ಮ ಹೆಸರುಗಳನ್ನು ಕೆತ್ತಿದ್ದರು. ಮೂಲೆಯಲ್ಲಿ ನೀರಿನ ಬಾಟಲಿಗಳು ಬಿದ್ದಿದ್ದವು. ಹೊರಗೆ, ಅರವತ್ತೈದು ದಾಟಿದ ಒಬ್ಬರು ಎಮ್ಮೆಗಳನ್ನು ಮೇಯಲು ಬಿಟ್ಟು ಕುಳಿತಿದ್ದರು. ನಮ್ಮ ಕಾವಿಯನ್ನು ಕಂಡು ಎದ್ದು ಕೈಮುಗಿದರು.

"ನಿಮ್ಮದು ಇದೇ ಊರೇನಪ್ಪ?" ಎಂದು ಕೇಳಿದೆವು.

"ಊ ಸ್ವಾಮಿ. ಅಗೋ, ಅಲ್ಲಿ ಕೊಕ್ಕರೆ ಕೂತದಲ್ಲ, ಅದರಿಂದಾಚೆಗೆ ನಮ್ಮನೆ ಇತ್ತು. ಈ ಗುಡಿ ಒಳಗೇ ನಂಗೆ ಜ್ಞಾನಸ್ನಾನ ಆಗಿದ್ದು. ನಮ್ಮಪ್ಪ ಅವ್ವನ ಮದ್ವೆ ಆಗಿದ್ದೂ ಇಲ್ಲೇ. ಊರು ಬಿಟ್ಟಾಗ ನಾನಿನ್ನೂ ಹುಡುಗ."

ಕೊಕ್ಕರೆ ಕುಳಿತಿದ್ದ ಕಡೆ ನೋಡಿದೆವು. ನೀರು ಹೊರತು ಅಲ್ಲಿ ಏನೂ ಇರಲಿಲ್ಲ. ಅವರು ನಮ್ಮ ಮಠ ಯಾವುದೆಂದು ಕೇಳಿದರು. ಹೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಿಗೂ ಹೊಳೆ ನೀರು ಬತ್ತದಾ ಸ್ವಾಮಿ?" ಎಂದು ಕೇಳಿದರು.

"ಕಾಲುವೆಯಲ್ಲಿ ಬರುತ್ತದಪ್ಪ. ಮಠದ ತೋಟಕ್ಕೆ ಅದೇ ನೀರು."

"ಬರ್ಲಿ ಬಿಡಿ ಸ್ವಾಮಿ" ಎಂದರು ಅವರು. "ಅಷ್ಟು ದೂರಕ್ಕೂ ಹೋಯ್ತದೆ ಅಂದ್ರೆ ನಮ್ಮದು ಹೋಗಿದ್ದಕ್ಕೂ ಒಂದು ಸಾರ್ಥಕ ಆಯ್ತು."

ವಾಚಕರೇ, ನಮ್ಮ ಮಠದ ದಾಸೋಹದಲ್ಲಿ ಬಡಿಸುವ ತೆಂಗಿನಕಾಯಿಯ ಚಟ್ನಿಯಲ್ಲಿ, ಬಾಳೆಯ ಎಲೆಯಲ್ಲಿ, ಆ ಮನುಷ್ಯನ ಮನೆಯ ಅಂಗಳವಿದೆ ಎಂಬುದು ಆ ಕ್ಷಣದವರೆಗೆ ನಮಗೆ ತಿಳಿದಿರಲಿಲ್ಲ. ಅಣೆಕಟ್ಟೆಯ ವಿಷಯ ತಿಳಿದಿತ್ತು. ನೀರಿನ ಲೆಕ್ಕ ತಿಳಿದಿತ್ತು. ಆದರೆ ಇದು ತಿಳಿದಿರಲಿಲ್ಲ. ಅವರು ನಮ್ಮನ್ನು ದೂರಲಿಲ್ಲ. ದೂರಿದ್ದರೆ ಸಮಾಧಾನ ಹೇಳಿ ಹಿಂದಿರುಗುತ್ತಿದ್ದೆವೋ ಏನೋ. ಕೊಟ್ಟವನು ತನ್ನ ದಾನ ಸತ್ಪಾತ್ರಕ್ಕೆ ಸಂದಿತೆಂದು ಕೇಳಿ ಸಂತೋಷಪಡುವಂತೆ ಸಂತೋಷಪಟ್ಟರು. ಪಡೆದವರಾದ ನಾವು ಮಾತ್ರ, ಪಡೆದುದೇ ತಿಳಿಯದೆ, ಅವರ ಮುರಿದ ಗುಡಿಯ ಅಂದವನ್ನು ಸವಿಯುತ್ತ ನಿಂತಿದ್ದೆವು.

ಈಗ ಪ್ರಶ್ನೆಯನ್ನು ಶಾಸ್ತ್ರದೃಷ್ಟಿಯಿಂದ ವಿಚಾರಿಸೋಣ.

ಮಾನಸಗಂಗೋತ್ರಿಯಲ್ಲಿ ನಾವು ತತ್ತ್ವಶಾಸ್ತ್ರ ಓದುತ್ತಿದ್ದಾಗ ಜರ್ಮನಿಯ ದಾರ್ಶನಿಕ ಕಾಂಟನ ಸೌಂದರ್ಯಮೀಮಾಂಸೆಯನ್ನು ಅಧ್ಯಯನ ಮಾಡಿದ್ದೆವು. 1790ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಒಂದು ಅರಮನೆಯ ದೃಷ್ಟಾಂತವನ್ನು ಕೊಡುತ್ತಾನೆ. ಈ ಅರಮನೆ ಸುಂದರವೇ ಎಂದು ಕೇಳಿದಾಗ, ಬಡವರ ಬೆವರಿನಿಂದ ಕಟ್ಟಿದುದೆಂದು ಒಬ್ಬನು ರೂಸೋನಂತೆ ಖಂಡಿಸಬಹುದು. ಅದನ್ನು ಒಪ್ಪಿಕೊಳ್ಳಬಹುದು, ಆದರೆ ಕೇಳಿದ ಪ್ರಶ್ನೆ ಅದಲ್ಲ ಎಂಬುದು ಕಾಂಟನ ಅಭಿಪ್ರಾಯ. ಸೌಂದರ್ಯದ ತೀರ್ಪಿನಲ್ಲಿ ಸ್ವಾರ್ಥವೂ ಇರಬಾರದು, ವಸ್ತುವಿನ ಹಿನ್ನೆಲೆಯ ವಿಚಾರವೂ ಬೆರೆಯಬಾರದು. ನಿರ್ಲಿಪ್ತವಾದ ನೋಟ ಮಾತ್ರ ಶುದ್ಧವಾದ ನೋಟ. ಆ ವಯಸ್ಸಿನಲ್ಲಿ ಈ ವಾದ ನಮಗೆ ಬಹಳ ಹಿಡಿಸಿತ್ತು. ನಮ್ಮವರ ರಸಸಿದ್ಧಾಂತವೂ ಇದಕ್ಕೆ ಹತ್ತಿರವೆನಿಸಿತ್ತು. ಅಭಿನವಗುಪ್ತನು ವಿವರಿಸುವ ಸಾಧಾರಣೀಕರಣದಲ್ಲಿ ದುಃಖವು ನನ್ನದು, ಅವನದು ಎಂಬ ಹಂಗನ್ನು ಕಳೆದುಕೊಂಡು ಎಲ್ಲರದಾಗುತ್ತದೆ. ಆದುದರಿಂದಲೇ ರಂಗದ ಮೇಲಿನ ಶೋಕ ಪ್ರೇಕ್ಷಕನಲ್ಲಿ ಕರುಣರಸವಾಗಿ ಆನಂದವನ್ನೇ ಕೊಡುತ್ತದೆ.

ಆದರೆ ಶೆಟ್ಟಿಹಳ್ಳಿಯ ಹುಲ್ಲಿನ ಮೇಲೆ ನಿಂತಾಗ ಒಂದು ಭೇದ ಸ್ಪಷ್ಟವಾಯಿತು. ನಾಟಕದಲ್ಲಿ ಮುಳುಗಿದ ಮನೆಗೆ ಹಕ್ಕುದಾರನಿಲ್ಲ. ತೆರೆ ಬಿದ್ದ ಮೇಲೆ ನಟನು ಬಣ್ಣ ಒರೆಸಿಕೊಂಡು ತನ್ನ ಮನೆಗೆ ಹೋಗುತ್ತಾನೆ. ಇಲ್ಲಿ ಹಕ್ಕುದಾರನು ಎಮ್ಮೆ ಕಾಯುತ್ತ ಕುಳಿತಿದ್ದಾನೆ. ಅವನಿಗೆ ಹಿಂದಿರುಗಲು ಆ ಮನೆಯೇ ಇಲ್ಲ. ಇನ್ನು ಕಾಂಟನ ನಿರ್ಲಿಪ್ತನಾದರೋ, ಆ ಅರಮನೆಯ ಫಲವನ್ನು ತಾನು ಉಣ್ಣದವನು. ಹೇಮಾವತಿಯ ನೀರು ಕುಡಿಯುವ ನಾವು ಶೆಟ್ಟಿಹಳ್ಳಿಯ ಮುಂದೆ ನಿರ್ಲಿಪ್ತರೆನ್ನುವುದು ಹೇಗೆ? ಉಂಡವನು ತಾನು ಉಪವಾಸಿಯೆಂದು ಹೇಳಿಕೊಂಡಂತಾದೀತು.

ಇದಕ್ಕೆ ಪೂರ್ವಪಕ್ಷವೊಂದುಂಟು. ಹೀಗೆ ಋಣದ ಲೆಕ್ಕ ಹಿಡಿದು ಹೊರಟರೆ ಮನುಷ್ಯನು ಎಲ್ಲಿಗೂ ಹೋಗಲಾರನಲ್ಲವೇ? ಅದೇ ಹಾಸನ ಜಿಲ್ಲೆಯ ಹಳೇಬೀಡು ಕೂಡ ಹಾಳಾದ ರಾಜಧಾನಿಯೇ. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಸೇನೆಗಳು ಅದನ್ನು ಲೂಟಿ ಮಾಡಿದವು. ಹೊಯ್ಸಳೇಶ್ವರನ ಗೋಡೆಯ ಶಿಲ್ಪಗಳ ಮುಂದೆ ಮೈಮರೆಯುವವನನ್ನು ನಾವು ತಪ್ಪಿತಸ್ಥನೆನ್ನುತ್ತೇವೆಯೇ? ಇಲ್ಲ. ಆದರೆ ಹಳೇಬೀಡಿನ ಸುಲಿಗೆಯನ್ನು ನೆನೆದು ಕಣ್ಣೀರು ಹಾಕುವ ಕಣ್ಣುಗಳು ಇಂದು ಉಳಿದಿಲ್ಲ. ಕಾಲವು ಆ ಲೆಕ್ಕವನ್ನು ಮುಗಿಸಿದೆ. ಶೆಟ್ಟಿಹಳ್ಳಿಯ ಲೆಕ್ಕ ಇನ್ನೂ ತೆರೆದಿದೆ. ಕಳೆದುಕೊಂಡವರು ಜೀವಂತರಿರುವವರೆಗೆ ಹಾಳು ಕೇವಲ ಹಾಳಲ್ಲ. ಅದು ಯಾರದೋ ಮನೆ.

ಅಣೆಕಟ್ಟೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹೇಮಾವತಿಯ ಕಾಲುವೆಗಳು ಹಾಸನ, ಮಂಡ್ಯ, ತುಮಕೂರು ಸೀಮೆಗಳ ಹೊಲಗಳಿಗೆ ನೀರುಣಿಸಿವೆ. ಆಕಾಶದತ್ತ ಮುಖ ಮಾಡಿ ಕುಳಿತಿದ್ದ ರೈತನ ಮನೆಯಲ್ಲಿ ಅನ್ನ ಬೆಂದಿರುವುದು ಸಣ್ಣ ಪುಣ್ಯವಲ್ಲ. ಹಾಗೆಂದು, ಆ ಪುಣ್ಯದ ಖರ್ಚನ್ನು ಯಾರು ಭರಿಸಿದರೆಂಬುದನ್ನು ಮರೆಯಲು ಅದು ನಮಗೆ ಪರವಾನಗಿ ಕೊಡುವುದಿಲ್ಲ.

ಇದು ನಮ್ಮ ಭಕ್ತರಿಗೆ ತಿಳಿಯದ ನೋವೂ ಅಲ್ಲ. ಕೂಡಲಸಂಗಮವನ್ನು ನೆನೆದುಕೊಳ್ಳಿ. ನಾರಾಯಣಪುರದ ಅಣೆಕಟ್ಟೆಯಿಂದ ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಸ್ಥಳವು ನೀರಿನ ನಡುವೆ ಸಿಕ್ಕಿತು. ಅದರ ಸುತ್ತ ಬಾವಿಯಂತೆ ಗೋಡೆಯೆಬ್ಬಿಸಿ, ಇಂದು ಮೆಟ್ಟಿಲಿಳಿದು ದರ್ಶನ ಪಡೆಯುವಂತೆ ಕಾಪಾಡಿದ್ದಾರೆ. ಕನ್ನಂಬಾಡಿಯ ವೇಣುಗೋಪಾಲನ ಗುಡಿ ಕೃಷ್ಣರಾಜಸಾಗರದಲ್ಲಿ ದಶಕಗಳ ಕಾಲ ಮುಳುಗಿದ್ದು, ಅದರ ಕಲ್ಲುಗಳನ್ನು ಒಂದೊಂದಾಗಿ ಸಾಗಿಸಿ ದಡದ ಮೇಲೆ ಮತ್ತೆ ಕಟ್ಟಿದ್ದಾರೆ. ನಾವು ಐಕ್ಯಸ್ಥಳದ ಮೆಟ್ಟಿಲಿಳಿಯುವಾಗ ಆ ಗೋಡೆಯ ಹೊರಗೆ ನಿಂತ ನೀರನ್ನು ನೆನೆದು ಎದೆ ಕಲಕುತ್ತದೆ. ಆ ಗೋಡೆ ಇಲ್ಲದಿದ್ದರೆ? ವರ್ಷಕ್ಕೊಮ್ಮೆ ನೀರಿಳಿದಾಗ ಬಂದವರು, ಎಷ್ಟು ಚೆಂದವೆಂದು ಅದರ ಮೇಲೆ ಹೆಸರು ಕೆತ್ತಿ ಹೋಗಿದ್ದರೆ? ಆ ತಳಮಳವನ್ನು ಒಂದು ಕ್ಷಣ ಅನುಭವಿಸಿದವನಿಗೆ ಶೆಟ್ಟಿಹಳ್ಳಿಯಲ್ಲಿ ಹೇಗೆ ನಿಲ್ಲಬೇಕೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ. ತನ್ನ ಗುಡಿಯ ನೋವಿನಿಂದ ನೆರೆಯವನ ಗುಡಿಯ ನೋವನ್ನು ಅರಿಯುವುದೇ ಧರ್ಮದ ಮೊದಲ ಪಾಠ.

ಹಾಗಾದರೆ ಪ್ರವಾಸಿಯು ಏನು ಮಾಡಬೇಕು? ಒಂಟಿಯಾಗಿ, ಎರಡು ಮೂರು ದಿನಗಳ ಮಟ್ಟಿಗೆ ಹೋದವನಿಗೆ ಎಷ್ಟು ತಿಳಿದೀತು?

ಕನ್ನಡದಲ್ಲಿ ನೋಡುವುದು ಎಂಬ ಮಾತೂ ಇದೆ, ಕಾಣುವುದು ಎಂಬ ಮಾತೂ ಇದೆ. ನೋಡಿದವರೆಲ್ಲ ಕಂಡವರಲ್ಲ. ಕಣ್ಣು ಹಾಯಿಸಿದರೆ ನೋಟ. ಆ ವಸ್ತುವಿಗೂ ನನಗೂ ಇರುವ ಸಂಬಂಧ ತಿಳಿದರೆ ಕಾಣ್ಕೆ. ನೋಡಲು ದಿನಗಳು ಬೇಕು. ಕಾಣಲು ಕೆಲವೊಮ್ಮೆ ಒಂದು ಪ್ರಶ್ನೆ ಸಾಕು. ನಮ್ಮ ಪರಂಪರೆಯ ಜಂಗಮನೂ ಒಬ್ಬನೇ ತಿರುಗುವವನೇ, ಒಂದೆಡೆ ನಿಲ್ಲದವನೇ. ಆದರೆ ಅವನು ಊರಿಗೆ ಹೋಗುತ್ತಿದ್ದುದು ಅಲ್ಲಿಯ ಕಲ್ಲುಗಳನ್ನು ನೋಡುವುದಕ್ಕಲ್ಲ. ಮನೆಯ ಬಾಗಿಲಿಗೆ ಹೋಗುತ್ತಿದ್ದನು. ಭಿಕ್ಷೆ ಪಡೆಯುತ್ತಿದ್ದನು, ಕೊಟ್ಟವರು ಯಾರೆಂದು ಅವನಿಗೆ ತಿಳಿದಿರುತ್ತಿತ್ತು, ಅವರ ಕಷ್ಟಸುಖ ಕೇಳಿ ಮುಂದಕ್ಕೆ ನಡೆಯುತ್ತಿದ್ದನು. ಅವನ ನಿಲುಗಡೆಯೂ ಅಲ್ಪಕಾಲದ್ದೇ. ಅಲ್ಪಕಾಲವೆಂಬುದು ದೋಷವಲ್ಲ, ಪಡೆದುಕೊಂಡು ಕೊಟ್ಟವನ ಮುಖ ನೋಡದೆ ಹೋಗುವುದು ದೋಷ.

ಇದೇ ಗೊರೂರಿನವರಾದ ರಾಮಸ್ವಾಮಿ ಅಯ್ಯಂಗಾರರು ದೂರದೇಶಕ್ಕೆ ಹೋಗಿಬಂದು ಬರೆದ ಪ್ರವಾಸಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. 'ಅಮೆರಿಕದಲ್ಲಿ ಗೊರೂರು' ಎಂಬ ಅದರ ಹೆಸರನ್ನು ಗಮನಿಸಿರಿ. ಅದನ್ನು ಕೇಳಿದಾಗಲೆಲ್ಲ ಅಮೆರಿಕಕ್ಕೆ ಹೋದುದು ಒಬ್ಬ ವ್ಯಕ್ತಿ ಮಾತ್ರವಲ್ಲ, ಒಂದು ಊರೇ ಎಂದು ನಮಗೆ ಅನ್ನಿಸುತ್ತದೆ. ತನ್ನ ಊರನ್ನು ಎದೆಯಲ್ಲಿಟ್ಟುಕೊಂಡು ಹೋದವನು ಪರರ ಊರನ್ನೂ ಊರೆಂದೇ ಕಾಣುತ್ತಾನೆ; ಚಿತ್ರಪಟವೆಂದು ಭಾವಿಸುವುದಿಲ್ಲ.

ನಮ್ಮ ಆ ತರುಣನಿಗೆ ನಮ್ಮ ಉತ್ತರ ಇದು. ಅಪ್ಪಾ, ನೀನು ಸಂತೋಷಪಟ್ಟದ್ದು ತಪ್ಪಲ್ಲ. ಸೌಂದರ್ಯವು ಒಂದು ಬಾಗಿಲು. ಆ ಗೋಪುರ ಕುರೂಪವಾಗಿದ್ದರೆ ನೀನು ಅಲ್ಲಿಗೆ ಹೋಗುತ್ತಲೂ ಇರಲಿಲ್ಲ, ಆ ರಾತ್ರಿ ನಲ್ಲಿಯ ಮುಂದೆ ನಿನಗೆ ಆ ಯೋಚನೆ ಹೊಳೆಯುತ್ತಲೂ ಇರಲಿಲ್ಲ. ಆದರೆ ಬಾಗಿಲಿನ ಕೆತ್ತನೆಯನ್ನು ಹೊಗಳಿ, ಒಳಗಿದ್ದವರನ್ನು ಮಾತನಾಡಿಸದೆ ಹಿಂದಿರುಗುವುದು ಅತಿಥಿಯ ಧರ್ಮವಲ್ಲ. ನಿನ್ನ ನೂರು ಫೋಟೋಗಳಿಗಿಂತ ಆ ಒಂದು ಲೋಟ ನೀರೇ ನಿನಗೆ ಹೆಚ್ಚು ತೋರಿಸಿತು. ಮುಂದೆ ಎಲ್ಲಿಗೆ ಹೋದರೂ ಮೂರು ಕೆಲಸ ಮಾಡು. ಇದು ಯಾರದಾಗಿತ್ತೆಂದು ಅಲ್ಲಿಯವರೊಬ್ಬರನ್ನು ಕೇಳು. ಆ ಜಾಗದಿಂದ ನಿನಗೆ ಏನು ಬಂದಿದೆಯೆಂದು ನಿನ್ನನ್ನೇ ಕೇಳಿಕೋ. ಅಲ್ಲಿ ನಿನ್ನ ಹೆಸರನ್ನು ಬಿಟ್ಟುಬರಬೇಡ. ಅವರ ಹೆಸರನ್ನು ತಿಳಿದುಕೊಂಡು ಬಾ.

ನಮ್ಮ ವಾಚಕರಲ್ಲಿ ಅನೇಕರು ಈ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬೇಲೂರು, ಹಳೇಬೀಡುಗಳಿಗೆ ಹೋಗುವವರಿದ್ದೀರಿ. ದಾರಿಯನ್ನು ಸ್ವಲ್ಪ ತಿರುಗಿಸಿ ಶೆಟ್ಟಿಹಳ್ಳಿಗೂ ಹೋಗಿರಿ. ಚರ್ಚಿನ ಒಳಗೆ ಪಾದರಕ್ಷೆ ಬಿಟ್ಟು ನಿಂತರೆ ತಪ್ಪೇನೂ ಇಲ್ಲ. ಅದು ಮಾಡಿಲ್ಲದಿದ್ದರೂ ದೇವರ ಮನೆಯೇ. ಗೋಡೆಯನ್ನು ಹತ್ತಬೇಡಿರಿ. ಮಕ್ಕಳು ನೀರಿನ ಕಡೆ ಕೈತೋರಿಸಿ ಎಷ್ಟು ಚೆನ್ನಾಗಿದೆಯೆಂದಾಗ, ಹೌದೆನ್ನಿ. ಆ ಬಳಿಕ ಅದರ ಕೆಳಗೆ ಯಾರ ಅಂಗಳವಿದೆಯೆಂದೂ ಹೇಳಿರಿ.

ಮಠಕ್ಕೆ ಹಿಂದಿರುಗಿದ ಸಂಜೆ ತೋಟದ ಕಡೆ ಹೋದೆವು. ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಅದು ತೆಂಗಿನ ಪಾತಿಗಳಿಗೆ ಸದ್ದಿಲ್ಲದೆ ಹರಿಯುತ್ತಿತ್ತು. ಮರುದಿನದಿಂದ ದಾಸೋಹದ ಪಂಕ್ತಿಯಲ್ಲಿ ಎಂದಿನ ಪ್ರಾರ್ಥನೆಯಾದ ಮೇಲೆ, ನಮಗೆ ನೀರು ಕೊಟ್ಟು ಊರು ಬಿಟ್ಟವರನ್ನು ನೆನೆದು ಒಂದು ಕ್ಷಣ ಮೌನವಾಗಿರುವಂತೆ ಮಕ್ಕಳಿಗೆ ಹೇಳಿದ್ದೇವೆ. ಋಣ ಇದರಿಂದ ತೀರಿತೆಂದು ನಾವು ತಿಳಿದಿಲ್ಲ. ಋಣವಿದೆಯೆಂಬುದು ನೆನಪಿರಲಿ ಎಂದಷ್ಟೇ.